ನ್ಯೂಯಾರ್ಕಿನ ನಾರ್ತ್ ಬ್ರದರ್ ದ್ವೀಪದಲ್ಲಿದ್ದ ಅಂಟುಜಾಡ್ಯದ ಆಸ್ಪತ್ರೆ: ಗೊತ್ತಿರೋರು ಬರೀರಿ

ಕಾವೇರಿತೀರ:

ಎಲ್ರಿಗೂ ನಮಸ್ಕಾರ. ಲಾಗ್ವಾರ್ಡಿಯಾ ಏರ್‌ಪೋರ್ಟಲ್ಲಿ ಇಳಿಯೋವಾಗ ಕಿಟಕಿ ಪಕ್ಕ ಕೂತಿದ್ದೋರು ಇದನ್ನ ನೋಡಿರಬಹುದು. ಈಸ್ಟ್ ರಿವರ್ ಮಧ್ಯ, ಬ್ರಾಂಕ್ಸಿಗೂ ರೈಕರ್ಸ್ ಜೈಲಿಗೂ ನಡುವೆ, ಸುಮಾರು 20 ಎಕರೆ, ನಮ್ಮ ಕಡೆ ಒಂದು ದೊಡ್ಡ ತೋಟ ಅನ್ನಬಹುದು ಅಷ್ಟೇ, ಪೂರ್ತಿ ಕಾಡು ಬೆಳ್ಕೊಂಡಿದೆ, ಮರಗಳ ಮೇಲೆ ಒಂದು ಚಿಮಣಿ ಮಾತ್ರ ಕಾಣುತ್ತೆ. ಅದು ನಾರ್ತ್ ಬ್ರದರ್ ದ್ವೀಪ. 1885ರಿಂದ 1963ರ ತನಕ ಅಲ್ಲಿ ನಗರದ್ದೇ ಒಂದು ಆಸ್ಪತ್ರೆ ಇತ್ತು, ರಿವರ್‌ಸೈಡ್ ಹಾಸ್ಪಿಟಲ್. ಅಂಟುಜಾಡ್ಯದೋರನ್ನ ಇಡೋಕೆ ಅಂತಲೇ ಮಾಡಿದ್ದು.

ಹೋದ ಭಾನುವಾರ ಮಗಳನ್ನ ಕರ್ಕೊಂಡು ಹಂಟ್ಸ್ ಪಾಯಿಂಟಿನ ಬರೆಟ್ಟೋ ಪಾಯಿಂಟ್ ಪಾರ್ಕಿಗೆ ಹೋಗಿದ್ದೆ, ಅಲ್ಲಿಂದ ದ್ವೀಪ ಎದುರಿಗೇ ಕಾಣುತ್ತೆ. ಬೈನಾಕ್ಯುಲರ್ ಹಿಡ್ಕೊಂಡು ಅವಳು ಬಹಳ ಹೊತ್ತು ನೋಡಿದ್ಲು. ಛಾವಣಿ ಕುಸಿದಿರೋ ಒಂದು ಕಟ್ಟಡ, ಅದರ ಕಿಟಕಿಯಿಂದ ಒಂದು ಮರದ ಕೊಂಬೆ ಹೊರಗೆ ಬಂದಿತ್ತು. ಅಪ್ಪಾ ಅಲ್ಲಿ ಯಾರಿದ್ರು ಅಂದ್ಲು. ಫೋನಲ್ಲಿ ಹುಡುಕಿದ್ರೆ ಎಲ್ಲಿ ನೋಡಿದ್ರೂ ಟೈಫಾಯ್ಡ್ ಮೇರಿ, ಟೈಫಾಯ್ಡ್ ಮೇರಿ (ತನಗೇನೂ ಆಗ್ದೆ ಬೇರೆಯೋರಿಗೆ ಟೈಫಾಯ್ಡ್ ಹರಡಿದ ಅಡಿಗೆಯೋಳು), ಬೇರೆ ಯಾರೂ ಇಲ್ಲ. 78 ವರ್ಷ ನಡೆದ ಆಸ್ಪತ್ರೇಲಿ ಒಬ್ಬಳೇ ಹೆಂಗಸಿದ್ಲು ಅನ್ನೋ ಹಾಗೆ. ನಂಗೆ ಅದು ಸರಿ ಕಾಣಲಿಲ್ಲ. ಒಂದು ವಾರದಿಂದ ಓದ್ತಾ ಇದೀನಿ, ನಿಮಗೆ ಗೊತ್ತಿರೋದನ್ನೂ ಸೇರಿಸಿ.

ಮೊದಲಿಂದ ಹೇಳ್ತೀನಿ. ಈ ಆಸ್ಪತ್ರೆ ಹುಟ್ಟಿದ್ದು ಬೇರೆ ದ್ವೀಪದಲ್ಲಿ, ಆಗ ಬ್ಲ್ಯಾಕ್‌ವೆಲ್ಸ್ ಅಂತಿದ್ರು, ಈಗ ರೂಸ್‌ವೆಲ್ಟ್ ಐಲ್ಯಾಂಡ್. ಅಲ್ಲಿ 1856ರಲ್ಲಿ ಸಿಡುಬಿನ ಆಸ್ಪತ್ರೆ ಶುರುವಾಯ್ತು. ಅದರ ನಕ್ಷೆ ಮಾಡಿದೋನು ಜೇಮ್ಸ್ ರೆನ್ವಿಕ್, ಮ್ಯಾನ್‌ಹಟನ್ನಿನ ಸೇಂಟ್ ಪ್ಯಾಟ್ರಿಕ್ಸ್ ಕತೀಡ್ರಲ್ ಕಟ್ಟಿದ್ದೂ ಅವನೇ. ಆ ಸಿಡುಬಿನ ಆಸ್ಪತ್ರೆಯ ಗೋಡೆಗಳು ಇವತ್ತಿಗೂ ನಿಂತಿವೆ, ರಾತ್ರಿ ಲೈಟ್ ಹಾಕಿರ್ತಾರೆ. ಬ್ಲ್ಯಾಕ್‌ವೆಲ್ಸಲ್ಲಿ ಜನ ಜಾಸ್ತಿ ಆಗ್ತಿದ್ದಂಗೆ ಅಂಟುರೋಗದೋರು ಇನ್ನೂ ದೂರ ಇರ್ಲಿ ಅಂತ ನಾರ್ತ್ ಬ್ರದರಿಗೆ ಸಾಗಿಸಿದ್ರು. ಹೋಗ್ಬೇಕಂದ್ರೆ ದೋಣೀನೇ ಗತಿ, ಸುತ್ತ ಹೆಲ್ ಗೇಟ್ ಅನ್ನೋ ಇಕ್ಕಟ್ಟಿನ ಜಲಸಂಧಿ ಹತ್ರದ ಸೆಳೆತದ ನೀರು, ಈಜಿ ವಾಪಸ್ ಬರೋ ಮಾತೇ ಇಲ್ಲ.

ಧಾರವಾಡದಾಂವ:

ಛಲೋ ವಿಷಯ ತಗದೀರಿ ಸರ. ಒಂದು ಕೇಳ್ತೀನ್ರಿ, ಅಲ್ಲಿಗೆ ಯಾರನ್ನ ಒಯ್ತಿದ್ರು? ಎಲ್ಲಾರನ್ನೂನೋ, ಬರೇ ಬಡವ್ರನ್ನೋ?

ಕಾವೇರಿತೀರ:

ಒಳ್ಳೇ ಪ್ರಶ್ನೆ ಸರ್, ನಾನು ಬರೀಬೇಕು ಅಂತಿದ್ದಿದ್ದೇ ಅದು. ಕಾಯಿಲೆ ಶ್ರೀಮಂತರಿಗೂ ಬರ್ತಿತ್ತು. ಆದ್ರೆ ಸ್ವಂತ ಮನೆ ಇದ್ದೋರು ಒಂದು ಕೋಣೆ ಬಿಟ್ಟುಕೊಟ್ಟು, ನರ್ಸ್ ಇಟ್ಕೊಂಡು, ಬಾಗಿಲಿಗೆ ನೋಟೀಸ್ ಅಂಟಿಸ್ಕೊಂಡು ಮನೇಲೇ ಇರಬಹುದಿತ್ತು. ಲೋವರ್ ಈಸ್ಟ್ ಸೈಡಿನ ವಠಾರಗಳಲ್ಲಿ ಒಂದು ಕೋಣೇಲಿ ಏಳೆಂಟು ಜನ ಮಲಗ್ತಿದ್ರು, ಅಲ್ಲಿ ಬೇರೆ ಕೋಣೆ ಎಲ್ಲಿಂದ ತರ್ತಾರೆ. ಅಂಥೋರನ್ನ ಎತ್ತಿಕೊಂಡು ಹೋಗ್ತಿದ್ರು. ಅದರಲ್ಲೂ ಹೊಸದಾಗಿ ಹಡಗಿಳಿದೋರು.

1892ರಲ್ಲಿ ಆಗಿದ್ದು ನೋಡಿ. ಜನವರಿ ಕೊನೇಲಿ ಮಸೀಲಿಯಾ ಅನ್ನೋ ಹಡಗು ಬಂತು, ಅದರಲ್ಲಿ ರಷ್ಯಾದಿಂದ ಓಡಿಸಲ್ಪಟ್ಟ ಯಹೂದಿ ಕುಟುಂಬಗಳಿದ್ವು. ಆಗಲೇ ತಿಂಗಳುಗಟ್ಟಲೆ ಅಲೆದಾಡಿ ಬಂದೋರು. ಇಳಿದು ಎರಡು ವಾರ ಕಳೆಯೋದ್ರೊಳಗೆ ವಠಾರಗಳಲ್ಲಿ ಟೈಫಸ್ ಕಾಣಿಸ್ಕೊಂಡಿತು. ಆರೋಗ್ಯ ಇಲಾಖೆಯೋರು ಆ ಹಡಗಲ್ಲಿ ಬಂದೋರನ್ನೆಲ್ಲ ಹುಡುಕಿ ಹುಡುಕಿ ನಾರ್ತ್ ಬ್ರದರಿಗೆ ಸಾಗಿಸಿದ್ರು, ಜ್ವರ ಇದ್ದೋರು ಇಲ್ದೋರು ಎಲ್ರೂ, ನೂರಾರು ಜನ. ಚಳಿಗಾಲ, ಜಾಗ ಸಾಲದೆ ಗುಡಾರ ಹಾಕಿದ್ರು. ಇಂಗ್ಲಿಷ್ ಬರಲ್ಲ, ಯಾಕೆ ಕರ್ಕೊಂಡು ಹೋಗ್ತಿದಾರೆ ಗೊತ್ತಿಲ್ಲ, ಎದುರಿಗೆ ನೀರು, ಆಚೆ ಊರು ಕಾಣುತ್ತೆ. ಓದ್ತಾ ಓದ್ತಾ ಪುಸ್ತಕ ಮುಚ್ಚಿಟ್ಟು ಎದ್ದು ಓಡಾಡಿ ಬಂದೆ.

ಡಾಕ್ಟ್ರು_ದಾವಣಗೆರೆ:

ಒಂದು ಚಿಕ್ಕ ವಿವರ ಸೇರಿಸ್ತೀನಿ, ಜನ ಗೊಂದಲ ಮಾಡ್ಕೊಳ್ತಾರೆ. ಟೈಫಸ್ ಬೇರೆ ಟೈಫಾಯ್ಡ್ ಬೇರೆ. ಟೈಫಸ್ ಹೇನಿನಿಂದ ಬರೋದು, ಒತ್ತೊತ್ತಾಗಿ ಇರೋ ಕಡೆ, ಬಟ್ಟೆ ಬದಲಾಯಿಸೋಕಾಗ್ದೆ ಇರೋ ಕಡೆ ಹಬ್ಬುತ್ತೆ. ಟೈಫಾಯ್ಡ್ ಅಂದ್ರೆ ನಮ್ಮ ವಿಷಮಶೀತ ಜ್ವರ, ಅದು ನೀರು ಮತ್ತು ಆಹಾರದಿಂದ. 1892ರಲ್ಲಿ ಹೇನಿನ ವಿಷಯ ಇನ್ನೂ ಯಾರಿಗೂ ಗೊತ್ತಿರಲಿಲ್ಲ, ಅದನ್ನ ಚಾರ್ಲ್ಸ್ ನಿಕೋಲ್ ಕಂಡುಹಿಡಿದಿದ್ದು 1909ರಲ್ಲಿ. ಅಂದ್ರೆ ಇಲಾಖೆಯೋರಿಗೆ ಗೊತ್ತಿದ್ದ ಒಂದೇ ದಾರಿ ಅಂದ್ರೆ ಬೇರೆ ಇಡೋದು. ಅವರನ್ನ ಬರೀ ಕ್ರೂರಿಗಳು ಅಂದ್ರೆ ತಪ್ಪಾಗುತ್ತೆ. ಅವರೂ ಸಾಯ್ತಿದ್ರು, ಆ ಕಾಲದಲ್ಲಿ ಜ್ವರದ ವಾರ್ಡಲ್ಲಿ ಕೆಲಸ ಮಾಡಿದ ನರ್ಸುಗಳು ಡಾಕ್ಟರುಗಳು ಎಷ್ಟೋ ಜನ ಅದೇ ಜ್ವರಕ್ಕೆ ಹೋದ್ರು.

ಧಾರವಾಡದಾಂವ:

ಅದೇ ಹೊತ್ತಿನ್ಯಾಗ ನಮ್ಮ ಕಡೆನೂ ಇದೇ ನಡದಿತ್ತು ನೋಡ್ರಿ. 1898ರಾಗ ಹುಬ್ಬಳ್ಳ್ಯಾಗ ಪ್ಲೇಗ್ ಜೋರಾತು, ಹಾಫ್ಕಿನ್ ಕಂಡುಹಿಡದ ಲಸಿಕಿ ಅಲ್ಲಿ ಸಾವಿರಾರು ಮಂದಿಗೆ ಹಾಕಿದ್ರು. ಅದೇ ವರ್ಷ ರೈಲ್ವೆ ಹಾದೀಲೆ ಬೆಂಗಳೂರಿಗೂ ಹೋತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂದಿದ್ದ ಈ ಪ್ಲೇಗಿನ ಸಂಬಂಧ, ಮನಿ ಹೊಕ್ಕು ಎಳಕೊಂಡು ಹೋಗೂ ಅಧಿಕಾರ ಇತ್ತು.

ನಮ್ಮ ಅಜ್ಜಿ ಸಣ್ಣಾಕಿ ಇದ್ದಾಗಿಂದು ಹೇಳ್ತಿದ್ಲು. ಅಟ್ಟದ ಮ್ಯಾಲಿಂದ ಇಲಿ ಸತ್ತು ಬಿತ್ತಂದ್ರ ಮರುದಿನಾನ ಊರು ಖಾಲಿ. ಹೊಲದಾಗ ಗುಡಸಲಾ ಹಾಕ್ಕೊಂಡು ತಿಂಗಳಾನಗಟ್ಲೆ ಇರೂದು. ಒಲಿಗೆ ಮೂರು ಕಲ್ಲ, ಮ್ಯಾಲೆ ಜ್ವಾಳದ ದಂಟಿನ ಹೊದಿಕಿ. ಆದ್ರ ಇಡೀ ಊರ ಕೂಡೆ ಹೋಗ್ತಿತ್ರಿ, ಗೌಡ್ರು ಕುಲಕರ್ಣ್ಯಾರು ಹಿಡದು ಎಲ್ಲಾರೂ ಹೊಲದಾಗ. ಒಬ್ಬರನ್ನ ಅಷ್ಟ ಎತ್ತಿ ನಡುನೀರಾಗ ಇಟ್ಟಂಗ ಅಲ್ಲ. ಆ ಫರಕ ನಂಗ ದೊಡ್ಡದು ಅನಸ್ತದ.

ಕರಾವಳಿ_ಸಿಸ್ಟರ್:

ನಾನು ಬ್ರಾಂಕ್ಸಿನಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸ್, ಬಂದು 19 ವರ್ಷ ಆಯ್ತು. ಈ ದ್ವೀಪದ ಬಗ್ಗೆ ಇಲ್ಲಿಯ ಹಳೆಯ ಸಿಸ್ಟರ್‌ಗಳ ಬಾಯಲ್ಲಿ ಕೇಳಿದ್ದುಂಟು. ಆದರೆ ಅವರು ಮೊದಲು ಹೇಳುವುದು ಮೇರಿಯ ಕಥೆ ಅಲ್ಲ, ಜನರಲ್ ಸ್ಲೋಕಮ್ ಹಡಗಿನ ಕಥೆ. ನೀವು ಯಾರೂ ಅದನ್ನು ಬರೆಯಲಿಲ್ಲ, ಹಾಗಾಗಿ ನಾನು ಬರೆಯುತ್ತೇನೆ.

1904 ಜೂನ್ 15, ಬುಧವಾರ. ಮ್ಯಾನ್‌ಹಟನ್ನಿನಲ್ಲಿ ಜರ್ಮನ್ನರು ಇದ್ದ ಕೇರಿ ಲಿಟಲ್ ಜರ್ಮನಿಯ ಸೇಂಟ್ ಮಾರ್ಕ್ಸ್ ಲೂಥರನ್ ಚರ್ಚಿನವರದ್ದು ವರ್ಷಕ್ಕೊಮ್ಮೆಯ ಪಿಕ್ನಿಕ್. ಕೆಲಸದ ದಿನ ಆದ ಕಾರಣ ಗಂಡಸರು ಕಡಿಮೆ, ಹೆಂಗಸರು ಮಕ್ಕಳೇ ಹೆಚ್ಚು, 1,300ಕ್ಕೂ ಮೇಲೆ ಜನ. ಹಡಗು ಈಸ್ಟ್ ರಿವರಿನಲ್ಲಿ ಮೇಲೆ ಹೋಗುವಾಗ ಮುಂದಿನ ಭಾಗದ ಒಂದು ಕೋಣೆಯಲ್ಲಿ ಬೆಂಕಿ ಹತ್ತಿತು. ಬೆಂಕಿ ಆರಿಸುವ ಪೈಪ್ ಕೊಳೆತು ಹೋಗಿತ್ತು, ನೀರು ಬಿಟ್ಟ ಕೂಡಲೇ ಒಡೆದು ಹೋಯಿತು. ಲೈಫ್ ಜಾಕೆಟ್‌ಗಳು 13 ವರ್ಷ ಹಳೆಯವು, ಒಳಗಿನ ಬೆಂಡು ಪುಡಿ ಪುಡಿ. ತಾಯಂದಿರು ಮಕ್ಕಳಿಗೆ ಅದನ್ನೇ ಕಟ್ಟಿ ನೀರಿಗೆ ಬಿಟ್ಟರು, ಮಕ್ಕಳು ಮೇಲೆ ಬರಲೇ ಇಲ್ಲ. ಲೈಫ್ ಬೋಟ್ ಬಿಚ್ಚಲಿಕ್ಕೆ ಆಗಲಿಲ್ಲ. ಕ್ಯಾಪ್ಟನ್ ವ್ಯಾನ್ ಶೈಕ್ ಹಡಗನ್ನು ತಂದು ನಿಲ್ಲಿಸಿದ್ದು ನಾರ್ತ್ ಬ್ರದರ್ ದ್ವೀಪದ ದಂಡೆಗೆ. ಮುಂಭಾಗ ಮಾತ್ರ ನೆಲ ಮುಟ್ಟಿತು, ಬೆಂಕಿಗೆ ಹೆದರಿ ಜನ ಎಲ್ಲ ಸೇರಿದ್ದು ಹಿಂಭಾಗದಲ್ಲಿ, ಅಲ್ಲಿ ನೀರು ಆಳ. ಆ ಕಾಲದ ಹೆಂಗಸರಿಗೆ ಈಜು ಬರುತ್ತಿರಲಿಲ್ಲ, ಮೈಮೇಲೆ ಉದ್ದ ಉಣ್ಣೆಯ ಲಂಗ ಬೇರೆ.

ಈಗ ದಂಡೆಯಲ್ಲಿ ಇದ್ದವರು ಯಾರು? ಅಂಟುಜಾಡ್ಯದ ಆಸ್ಪತ್ರೆಯ ನರ್ಸುಗಳು, ಅಡಿಗೆಯವರು, ಕೂಲಿಯವರು, ಸ್ವಲ್ಪ ಚೇತರಿಸಿಕೊಂಡ ರೋಗಿಗಳು. ಓಡಿ ಬಂದರು ಮಾರ್ರೆ. ಕೈ ಕೈ ಹಿಡಿದು ಸರಪಳಿ ಮಾಡಿ ನೀರಿಗೆ ಇಳಿದರು. ಏಣಿ ತಂದು ಒಡ್ಡಿದರು. ಮೇರಿ ಮೆಕ್ಯಾನ್ ಅಂತ ಐರ್ಲೆಂಡಿನಿಂದ ಆಗಷ್ಟೇ ಬಂದ ಹದಿಹರೆಯದ ಹುಡುಗಿ, ಅಲ್ಲಿ ರೋಗಿಯಾಗಿ ಇದ್ದವಳು, ಈಜು ಗೊತ್ತಿತ್ತು, ಹಾರಿ ಹಾರಿ ಮಕ್ಕಳನ್ನು ಎಳೆದು ತಂದಳು. ಒಂದಲ್ಲ ಎರಡಲ್ಲ. ಅವಳೇ ಜ್ವರದಿಂದ ಎದ್ದವಳು.

ಸತ್ತವರು 1,021. 2001 ಸೆಪ್ಟೆಂಬರ್ 11ರ ವರೆಗೆ ನ್ಯೂಯಾರ್ಕಿನಲ್ಲಿ ಒಂದೇ ದಿನ ಇಷ್ಟು ಜನ ಸತ್ತದ್ದು ಬೇರೆ ಇಲ್ಲ. ದ್ವೀಪದ ಹುಲ್ಲಿನ ಮೇಲೆ ಸಾಲು ಸಾಲಾಗಿ ಹೆಣ ಮಲಗಿಸಿದ್ದರು.

ಕಾವೇರಿತೀರ:

ಸಿಸ್ಟರ್, ಇದನ್ನ ಓದಿ ಕೈಕಾಲು ತಣ್ಣಗಾಯ್ತು. ಸ್ಲೋಕಮ್ ಹೆಸರು ಗೊತ್ತಿತ್ತು, ಟಾಂಪ್ಕಿನ್ಸ್ ಸ್ಕ್ವೇರ್ ಪಾರ್ಕಲ್ಲಿ ಅದರ ನೆನಪಿಗೆ 1906ರಲ್ಲಿ ಇಟ್ಟ ಚಿಕ್ಕ ಕಾರಂಜಿ ಕಲ್ಲು ಇದೆ, ಹತ್ತಾರು ಸಲ ಅದರ ಪಕ್ಕ ನಡ್ಕೊಂಡು ಹೋಗಿದೀನಿ. ಆದ್ರೆ ಉಳಿಸಿದೋರು ಈ ಆಸ್ಪತ್ರೆಯ ರೋಗಿಗಳು ಅನ್ನೋದು ತಲೇಲೇ ಕೂತಿರಲಿಲ್ಲ. ಊರಿನೋರು ಯಾರನ್ನ ಮುಟ್ಟಬಾರದು ಹತ್ರ ಬರಬಾರದು ಅಂತ ನಡುನೀರಲ್ಲಿ ಇಟ್ಟಿದ್ರೋ ಅವರೇ ಊರಿನೋರ ಮಕ್ಕಳನ್ನ ಎದೆಗೆ ಅವುಚ್ಕೊಂಡು ದಡಕ್ಕೆ ತಂದ್ರು. ಮಗಳ ಪ್ರಶ್ನೆಗೆ ನಾನು ಮೊದಲು ಹೇಳಬೇಕಾದ ಹೆಸರು ಈ ಮೇರಿದು.

ಬಿಳಿಗಿರಿ_ಹುಡುಗಿ:

ಅಣ್ಣಾ, ಹಾಗಂತ ಇನ್ನೊಬ್ಬ ಮೇರೀನ ಬಿಡೋಕಾಗಲ್ಲ. ಆಕೆಗೆ ಆದ ಅನ್ಯಾಯಾನೂ ಬರೀಬೇಕು. ಮೇರಿ ಮ್ಯಾಲನ್, ಹುಟ್ಟಿದ್ದು 1869, ಐರ್ಲೆಂಡಿನ ಕುಕ್ಸ್‌ಟೌನ್. ಹದಿಹರೆಯದಲ್ಲೇ ಒಬ್ಬಳೇ ಬಂದು ಮನೆಕೆಲಸ ಮಾಡಿ ಮಾಡಿ ಅಡಿಗೆಯೋಳಾಗಿ ಮೇಲೆ ಬಂದೋಳು. 1906ರ ಬೇಸಿಗೆ, ಲಾಂಗ್ ಐಲ್ಯಾಂಡಿನ ಆಯ್‌ಸ್ಟರ್ ಬೇಯಲ್ಲಿ ಒಬ್ಬ ಬ್ಯಾಂಕರ್ ಬಾಡಿಗೆಗೆ ತಗೊಂಡ ಮನೇಲಿ 11 ಜನರಲ್ಲಿ 6 ಜನಕ್ಕೆ ಟೈಫಾಯ್ಡ್. ಜಾರ್ಜ್ ಸೋಪರ್ ಅನ್ನೋ ಎಂಜಿನಿಯರ್ ತನಿಖೆ ಮಾಡಿ ಅವಳು ಕೆಲಸ ಮಾಡಿದ ಮನೆಗಳ ಪಟ್ಟಿ ಮಾಡಿದ, ಹೆಚ್ಚುಕಮ್ಮಿ ಎಲ್ಲಾ ಕಡೆ ಟೈಫಾಯ್ಡ್ ಬಂದಿತ್ತು. ಆದ್ರೆ ಅವಳಿಗೆ ಏನೂ ಆಗಿರಲಿಲ್ಲ! ಗಟ್ಟಿಮುಟ್ಟಾಗಿದ್ದಳು. ಒಬ್ಬ ಗಂಡಸು ಅಡಿಗೆಮನೆಗೆ ನುಗ್ಗಿ ನಿನ್ನ ಮಲ ಮೂತ್ರ ರಕ್ತ ಕೊಡು ಅಂದ್ರೆ ಯಾರು ಸುಮ್ಮನಿರ್ತಾರೆ ಹೇಳಿ, ಅವಳು ಫೋರ್ಕ್ ಹಿಡ್ಕೊಂಡು ಓಡಿಸಿದ್ಲು.

1907 ಮಾರ್ಚಲ್ಲಿ ಪೊಲೀಸರ ಜೊತೆ ಡಾ. ಜೋಸೆಫೀನ್ ಬೇಕರ್ ಬಂದ್ರು. ಗಂಟೆಗಟ್ಟಲೆ ಹುಡುಕಿದ ಮೇಲೆ ಒಂದು ಕ್ಲೋಸೆಟ್ ಬಾಗಿಲಲ್ಲಿ ಸೆರಗು ಸಿಕ್ಕಂಗೆ ಬಟ್ಟೆ ತುದಿ ಸಿಕ್ಕಿಹಾಕಿಕೊಂಡಿದ್ದು ಕಾಣಿಸ್ತಂತೆ. ಆಂಬುಲೆನ್ಸಲ್ಲಿ ದಾರಿ ಪೂರ್ತಿ ಅವಳ ಮೇಲೆ ಕೂತ್ಕೊಂಡು ಕರ್ಕೊಂಡು ಹೋಗಿದ್ದು. ಯಾವ ಕೋರ್ಟಿಗೂ ಹಾಜರು ಮಾಡ್ದೆ ದ್ವೀಪಕ್ಕೆ ಸಾಗಿಸಿದ್ರು. 1909ರಲ್ಲಿ ಬಿಡುಗಡೆ ಕೇಳಿ ಕೋರ್ಟಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ್ಲು, ಸೋತಳು.

ಡಾಕ್ಟ್ರು_ದಾವಣಗೆರೆ:

ತಂಗಿ, ನಿಮ್ಮ ಸಿಟ್ಟು ಅರ್ಥ ಆಗುತ್ತೆ, ಆದ್ರೆ ಇನ್ನೊಂದು ಕಡೇನೂ ನೋಡೋಣ. ಜೋಸೆಫೀನ್ ಬೇಕರ್ ತಂದೆ ತೀರ್ಕೊಂಡಿದ್ದೇ ಟೈಫಾಯ್ಡಿಂದ, ಆಗ ಆಕೆಗೆ 16 ವರ್ಷ. ಆಕೆ ಹಟಕ್ಕೆ ಬಿದ್ದಿದ್ರೆ ಅದರ ಹಿಂದೆ ಒಂದು ಮನೆ ಮುರಿದ ನೋವಿತ್ತು. ಮತ್ತೆ ಮೇರಿ ವಿಷಯ. ಟೈಫಾಯ್ಡ್ ಬ್ಯಾಕ್ಟೀರಿಯಾ ಕೆಲವರ ಪಿತ್ತಕೋಶದಲ್ಲಿ ಮನೆ ಮಾಡ್ಕೊಂಡು ಬಿಡುತ್ತೆ, ಅವರಿಗೆ ಜ್ವರ ಇಲ್ಲ ಏನಿಲ್ಲ, ಮಲದಲ್ಲಿ ಬರ್ತಾನೇ ಇರುತ್ತೆ. ಕೈ ಸರಿಯಾಗಿ ತೊಳೀದೆ ಅಡಿಗೆ ಮಾಡಿದ್ರೆ ಆಹಾರಕ್ಕೆ ಹೋಗುತ್ತೆ. ಕುದಿಸಿದ ಬೇಯಿಸಿದ ಪದಾರ್ಥದಲ್ಲಿ ಸಾಯುತ್ತೆ. ಆದ್ರೆ ಮೇರಿಯ ಕೈರುಚಿಗೆ ಹೆಸರಾಗಿದ್ದು ಹಸಿ ಪೀಚ್ ಹಣ್ಣು ಹೆಚ್ಚಿ ಹಾಕಿದ ಐಸ್‌ಕ್ರೀಂ, ಅದಕ್ಕಿಂತ ಒಳ್ಳೇ ವಾಹನ ಆ ಕ್ರಿಮಿಗೆ ಬೇಕಿಲ್ಲ.

ದ್ವೀಪದಲ್ಲಿ ಎರಡು ವರ್ಷದಲ್ಲಿ ಅವಳ 163 ಸ್ಯಾಂಪಲ್ ಪರೀಕ್ಷೆ ಮಾಡಿದ್ರು, 120ರಲ್ಲಿ ಬ್ಯಾಕ್ಟೀರಿಯಾ ಸಿಕ್ತು. 1910ರಲ್ಲಿ ಆರೋಗ್ಯ ಇಲಾಖೆಯ ಹೊಸ ಕಮಿಷನರ್ ಲೆಡರ್ಲಿ, ಇನ್ಮೇಲೆ ಅಡಿಗೆ ಕೆಲಸ ಮಾಡಲ್ಲ ಅಂತ ಮಾತು ತಗೊಂಡು ಬಿಟ್ಟರು. 1915ರಲ್ಲಿ ಮ್ಯಾನ್‌ಹಟನ್ನಿನ ಸ್ಲೋನ್ ಹೆರಿಗೆ ಆಸ್ಪತ್ರೇಲಿ 25 ಜನಕ್ಕೆ ಟೈಫಾಯ್ಡ್ ಬಂತು, ಇಬ್ಬರು ಸತ್ತರು. ಅಡಿಗೆಮನೇಲಿ ಮೇರಿ ಬ್ರೌನ್ ಅಂತ ಹೆಸರಿಟ್ಕೊಂಡು ಇದ್ದೋಳು ಅವಳೇ. ಬಾಣಂತಿಯರು ಹಸುಗೂಸುಗಳು ಇರೋ ಜಾಗ. ಮೊದಲನೇ ಸಲ ಅವಳನ್ನ ಹಿಡಿದಿದ್ದು ಅನ್ಯಾಯ ಅನ್ನೋದನ್ನ ನಾನು ಒಪ್ಪಬಲ್ಲೆ. ಎರಡನೇ ಸಲಕ್ಕೆ ನನಗೆ ಬೇರೆ ದಾರಿ ಕಾಣಲ್ಲ.

ಬಿಳಿಗಿರಿ_ಹುಡುಗಿ:

ಸರ್, ಬೇರೆ ದಾರಿ ಇತ್ತು, ಬೇರೆಯೋರಿಗೆ ಆ ದಾರಿ ಕೊಟ್ಟಿದ್ರು. ಟೋನಿ ಲಬೆಲ್ಲಾ ಅನ್ನೋನಿಂದ ನೂರಕ್ಕೂ ಹೆಚ್ಚು ಜನಕ್ಕೆ ಟೈಫಾಯ್ಡ್ ಬಂತು, 5 ಜನ ಸತ್ತರು, ಅವನನ್ನ ಜೀವನ ಪೂರ್ತಿ ಕೂಡಿಹಾಕಲಿಲ್ಲ. ಬೇಕರಿ ಮಾಲೀಕ ಒಬ್ಬ ಇದ್ದ, ಅವನನ್ನೂ ಮಾತು ತಗೊಂಡು ಬಿಟ್ಟರು. ಮೇರಿ ಸಾಯೋ ಹೊತ್ತಿಗೆ ನ್ಯೂಯಾರ್ಕಲ್ಲಿ ಇಂಥೋರು 400ಕ್ಕೂ ಹೆಚ್ಚು ಜನ ಇದ್ರು, ಪಟ್ಟಿ ಮಾಡಿದ್ರು, ಆದ್ರೆ ಅವಳ ಹಾಗೆ ಜೀವನ ಪೂರ್ತಿ ಯಾರನ್ನೂ ದ್ವೀಪದಲ್ಲಿ ಕೂಡಿಹಾಕಲಿಲ್ಲ. ಅವಳು ಒಂಟಿ ಹೆಂಗಸು, ವಲಸೆ ಬಂದೋಳು, ತಗ್ಗಿ ಬಗ್ಗಿ ಮಾತಾಡ್ತಿರಲಿಲ್ಲ, ಅದಕ್ಕೇ. ಬಿಟ್ಟಾಗ ಕೊಡಿಸಿದ್ದು ಬಟ್ಟೆ ಒಗೆಯೋ ಕೆಲಸ. ಅಡಿಗೆಯೋಳಿಗೂ ಅಗಸಗಿತ್ತಿಗೂ ಸಂಬಳದಲ್ಲಿ ಎಷ್ಟು ವ್ಯತ್ಯಾಸ ಇತ್ತು ಅಂತ ಯಾರೂ ಲೆಕ್ಕ ಹಾಕಲಿಲ್ಲ. ಒಂದು ಪಿಂಚಣಿ ಕೊಟ್ಟಿದ್ರೆ ಆ ಹೆರಿಗೆ ಆಸ್ಪತ್ರೆಗೆ ಅವಳು ಹೋಗ್ತಾನೇ ಇರಲಿಲ್ಲ ಅನ್ನೋದು ನನ್ನ ನಂಬಿಕೆ.

ಡಾಕ್ಟ್ರು_ದಾವಣಗೆರೆ:

ಪಿಂಚಣಿ ವಿಷಯ ಒಪ್ಪಿದೆ. ಇದನ್ನ ನಾನು ಯಾವತ್ತೂ ಹೀಗೆ ಯೋಚಿಸಿರಲಿಲ್ಲ. ನನ್ನ ಸರ್ವೀಸಲ್ಲೂ ನೋಡಿದೀನಿ, ಕ್ಷಯದ ರೋಗಿಗೆ ಕೆಲಸಕ್ಕೆ ಹೋಗ್ಬೇಡ ಅಂತ ಹೇಳೋದು ಸುಲಭ, ಮನೇಲಿ ಅಕ್ಕಿ ಇದೆಯಾ ಅಂತ ಕೇಳೋರು ಕಮ್ಮಿ. ಕೇಳಿದಾಗ ಮಾತ್ರ ಅವನು ಮಾತ್ರೆ ಪೂರ್ತಿ ತಗೊಂಡಿದ್ದು.

ಕರಾವಳಿ_ಸಿಸ್ಟರ್:

ಅವಳ ದ್ವೀಪದ ಬದುಕಿನ ಬಗ್ಗೆ ನಾನೂ ಸ್ವಲ್ಪ ಓದಿದ್ದೇನೆ. ವಾರ್ಡಿನಲ್ಲಿ ಅಲ್ಲ, ನೀರಿನ ಬದಿಯಲ್ಲಿ ಒಂದು ಪುಟ್ಟ ಮನೆ ಕೊಟ್ಟಿದ್ದರು, ಜೊತೆಗೆ ಒಂದು ನಾಯಿ. ಊಟ ತಂದು ಬಾಗಿಲ ಹೊರಗೆ ಇಟ್ಟು ಹೋಗುತ್ತಿದ್ದರಂತೆ. ಜನರಿಗೆಲ್ಲ ತೋರಿಸುವ ವಸ್ತು ಆಗಿಬಿಟ್ಟಿದ್ದೇನೆ ಅಂತ ಅವಳೇ ಪತ್ರದಲ್ಲಿ ಬರೆದಿದ್ದಾಳೆ. ಎರಡನೇ ಸಲ ಬಂದ ಮೇಲೆ ನಿಧಾನಕ್ಕೆ ಒಗ್ಗಿಕೊಂಡಳು, ಆಮೇಲೆ ಅಲ್ಲಿಯ ಲ್ಯಾಬಿನಲ್ಲೇ ಕೆಲಸಕ್ಕೆ ಸೇರಿದಳು. 1932ರಲ್ಲಿ ಲಕ್ವ ಹೊಡೆಯಿತು, ಮತ್ತೆ ಹಾಸಿಗೆಯಲ್ಲೇ ಆರು ವರ್ಷ. 1938 ನವೆಂಬರ್ 11ಕ್ಕೆ ತೀರಿಕೊಂಡಳು. ಮಣ್ಣಿಗೆ ಬಂದವರು 9 ಜನ.

ಆರು ವರ್ಷ ಅವಳನ್ನು ಹೊರಳಿಸಿ, ಮೈ ಒರೆಸಿ, ಬಾಯಿಗೆ ಕೊಟ್ಟವರು ಯಾರೋ ನರ್ಸುಗಳೇ ತಾನೇ. ಅವರ ಹೆಸರು ಯಾವ ಪುಸ್ತಕದಲ್ಲೂ ನಾನು ನೋಡಲಿಲ್ಲ. ಬೆಡ್‌ಸೋರ್ ಆಗದ ಹಾಗೆ ಒಬ್ಬ ಲಕ್ವದ ರೋಗಿಯನ್ನು ಆರು ವರ್ಷ ನೋಡುವುದು ಅಂದ್ರೆ ಎಂತಹ ಕೆಲಸ ಅಂತ ನನಗೆ ಗೊತ್ತುಂಟು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿ ಹಗಲು ಇಲ್ಲ.

2020ರ ಏಪ್ರಿಲಿನಲ್ಲಿ ನಾನು ಡ್ಯೂಟಿ ಮುಗಿಸಿ ಬಂದಾಗ ಬಿಲ್ಡಿಂಗಿನಲ್ಲಿ ಒಬ್ಬರು ಲಿಫ್ಟಿಗೆ ಬರಬೇಡಿ ಅಂದರು. ಐದು ಮಹಡಿ ಹತ್ತಿ ಹೋಗುತ್ತಿದ್ದೆ. ಸಂಜೆ ಏಳಕ್ಕೆ ಅವರೇ ಕಿಟಕಿಯಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅವರ ಮೇಲೆ ಸಿಟ್ಟಿಲ್ಲ, ಹೆದರಿಕೆ ಎಲ್ಲರಿಗೂ ಇತ್ತು. ಆದರೆ ಆ ಮೆಟ್ಟಿಲು ಹತ್ತುವಾಗ ಈ ದ್ವೀಪದವರ ನೆನಪು ಆಗುತ್ತಿತ್ತು.

ಕಾವೇರಿತೀರ:

ಸಿಸ್ಟರ್, ನಿಮಗೆ ಕೈ ಮುಗೀತೀನಿ.

ಜರ್ಸಿಸಿಟಿ_ಕನ್ನಡಿಗ:

ಆಸ್ಪತ್ರೆ ಯಾಕೆ ಮುಚ್ತು ಅಂತ ಯಾರೂ ಹೇಳಲಿಲ್ಲ. ನನ್ನ ಕೆಲಸ ನೀರಿನ ಪೈಪ್‌ಲೈನ್ ಕಡೇದು, ಅದಕ್ಕೇ ಹೇಳ್ತೀನಿ, ಅರ್ಧ ಉತ್ತರ ನೀರಲ್ಲಿದೆ. ಅಮೆರಿಕಾದಲ್ಲಿ ಒಂದು ಇಡೀ ಊರಿನ ಕುಡಿಯೋ ನೀರಿಗೆ ಬಿಡದೆ ಕ್ಲೋರಿನ್ ಹಾಕೋಕೆ ಶುರು ಮಾಡಿದ್ದು ಮೊದಲು ನಮ್ಮ ಜರ್ಸಿ ಸಿಟೀಲಿ, 1908 ಸೆಪ್ಟೆಂಬರಲ್ಲಿ. ಅಂದ್ರೆ ಮೇರಿ ನದಿಯ ಆ ಕಡೆ ದ್ವೀಪದಲ್ಲಿ ಕೂತಿದ್ದಾಗಲೇ. ಆಮೇಲೆ ಒಂದೊಂದೇ ಊರು ಶುರು ಮಾಡ್ತು, ಟೈಫಾಯ್ಡ್ ಇಳೀತಾ ಬಂತು. ಡಿಫ್ತೀರಿಯಾಗೆ ಆಂಟಿಟಾಕ್ಸಿನ್ 1890ರ ದಶಕದಲ್ಲೇ ನ್ಯೂಯಾರ್ಕ್ ನಗರದ ಲ್ಯಾಬಲ್ಲೇ ತಯಾರಾಗ್ತಿತ್ತು. ಸಿಡುಬಿಗೆ ದಾಕು ಇತ್ತು. ಹೀಗೆ ಆ ದ್ವೀಪಕ್ಕೆ ಕಳಿಸಬೇಕಾದ ಕಾಯಿಲೆಗಳೇ ಒಂದೊಂದಾಗಿ ಕಮ್ಮಿ ಆದ್ವು.

ಉಳಿದಿದ್ದು ಕ್ಷಯ. ಅದಕ್ಕೆ ಅಂತ ದೊಡ್ಡ ಹೊಸ ಕಟ್ಟಡ ಕಟ್ಟೋಕೆ ಹೊರಟರು, 1943ಕ್ಕೆ ಮುಗೀತು. ಈಗ ಫೋಟೋಗಳಲ್ಲಿ ಕಾಣೋದು ಹೆಚ್ಚಾಗಿ ಅದೇ ಕಟ್ಟಡ. ಆದ್ರೆ ಅದೇ 1943ರಲ್ಲೇ ಕ್ಷಯದ ಔಷಧಿ ಸ್ಟ್ರೆಪ್ಟೋಮೈಸಿನ್ ಸಿಕ್ತು, ಅದೂ ನಮ್ಮ ನ್ಯೂಜೆರ್ಸಿಯ ರಟ್ಗರ್ಸ್ ಯೂನಿವರ್ಸಿಟೀಲಿ. ಯುದ್ಧ ಬೇರೆ ನಡೀತಿತ್ತು. ಕ್ಷಯಕ್ಕೆ ಅಂತ ಕಟ್ಟಿದ್ದು ಕ್ಷಯಕ್ಕೆ ಸರಿಯಾಗಿ ಬಳಕೆ ಆಗಲೇ ಇಲ್ಲ.

ಕಾವೇರಿತೀರ:

ಇದು ಓದಿ ನಮ್ಮ ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂ ನೆನಪಾಯ್ತು, ಕೆಆರ್‌ಎಸ್ ರೋಡಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿ ಕ್ಷಯದಿಂದ ಹೋದ್ರು, ಅವರ ಹೆಸರಲ್ಲೇ ಕಟ್ಟಿದ್ದು. ಅರಮನೆಯೋರನ್ನೂ ಬಿಡದ ಕಾಯಿಲೆ. ಊರ ಹೊರಗೇ ಕಟ್ಟಿದ್ರು ನಿಜ, ಆದ್ರೆ ಮನೆಯೋರು ಬುತ್ತಿ ಕಟ್ಕೊಂಡು ನಡ್ಕೊಂಡು ಹೋಗಿ ಬರಬಹುದಿತ್ತು. ನಮ್ಮ ತಾತ ಸೈಕಲ್ಲಲ್ಲಿ ತಮ್ಮ ಅಣ್ಣನಿಗೆ ಮೊಸರನ್ನ ತಗೊಂಡು ಹೋಗ್ತಿದ್ರಂತೆ.

ಜರ್ಸಿಸಿಟಿ_ಕನ್ನಡಿಗ:

1946ರಿಂದ ಯುದ್ಧದಿಂದ ವಾಪಸ್ ಬಂದ ಸೈನಿಕರ ಕುಟುಂಬಗಳಿಗೆ ಮನೆ ಇಲ್ದೆ ಅಲ್ಲಿ ಇರಿಸಿದ್ರು, ಗಂಡಸರು ದಿನಾ ದೋಣೀಲಿ ಕಾಲೇಜಿಗೆ ಹೋಗಿ ಬರೋರು, ಅಂಗಳದಲ್ಲಿ ಮಕ್ಕಳು ಆಡ್ತಿದ್ವು. ಆ ದ್ವೀಪ ಕಂಡ ಒಳ್ಳೇ ದಿನಗಳು ಅವೇ ಇರಬೇಕು. ಅದೇ ಹೊತ್ತಲ್ಲಿ, 1947ರಲ್ಲಿ, ಮೆಕ್ಸಿಕೋದಿಂದ ಬಸ್ಸಲ್ಲಿ ಬಂದ ಒಬ್ಬ ವ್ಯಾಪಾರಿ ನ್ಯೂಯಾರ್ಕಲ್ಲಿ ಸಿಡುಬಿನಿಂದ ಸತ್ತ. ಅವನು ಸತ್ತಿದ್ದು ವಿಲ್ಲರ್ಡ್ ಪಾರ್ಕರ್ ಆಸ್ಪತ್ರೇಲಿ, ಅದೂ ಅಂಟುರೋಗದ್ದೇ, ಮ್ಯಾನ್‌ಹಟನ್ ದಡದಲ್ಲಿತ್ತು, ಮೇರೀನ 1907ರಲ್ಲಿ ಮೊದಲು ಕರ್ಕೊಂಡು ಹೋಗಿದ್ದೂ ಅಲ್ಲಿಗೇ, ಈಗ ಅದೂ ಇಲ್ಲ. ಆಗ ಊರಿಗೆ ಊರೇ ಕ್ಯೂ ನಿಂತು ದಾಕು ಹಾಕಿಸ್ಕೊಂಡಿತು, ಒಂದು ತಿಂಗಳೊಳಗೆ 60 ಲಕ್ಷಕ್ಕೂ ಹೆಚ್ಚು ಜನ. ಒಟ್ಟು 12 ಕೇಸ್, 2 ಸಾವು, ಮುಗೀತು. ದ್ವೀಪಕ್ಕೆ ಯಾರನ್ನೂ ಸಾಗಿಸಬೇಕಾಗಲಿಲ್ಲ.

ಧಾರವಾಡದಾಂವ:

60 ಲಕ್ಷ! ನಮ್ಮವ್ವನ ತೋಳಿನ ಮ್ಯಾಲೆ ಎರಡು ದೊಡ್ಡ ಕಲಿ ಅದಾವ್ರಿ, ಹಳೇ ನಾಕಾಣೆಯಷ್ಟು. ದೇವಿ ಹಾಕಾವ್ರು ಬಂದ್ರಂದ್ರ ಹುಡುಗೂರೆಲ್ಲಾ ಹಗೇವಿನ್ಯಾಗ ಅಡಗಿಕೋತಿದ್ರಂತ. ಈಗ ಆ ಕಲಿ ಮುಟ್ಟಿ ನೋಡಿ ಇದರಿಂದ ಉಳದೇವಿ ಅಂತಾಳ.

ಬಿಳಿಗಿರಿ_ಹುಡುಗಿ:

ಕೊನೇ ಅಧ್ಯಾಯಾನೂ ಬರೀರಿ ಯಾರಾದ್ರೂ, ಹೆರಾಯಿನ್ ಹುಡುಗರದ್ದು.

ಕಾವೇರಿತೀರ:

ಬರೀತೀನಿ, ಆದ್ರೆ ಜಾಸ್ತಿ ಬರೆಯೋಕೆ ಮನಸ್ಸಾಗಲ್ಲ. 1952ರಲ್ಲಿ ಹೆರಾಯಿನ್ ಚಟಕ್ಕೆ ಬಿದ್ದ ಹದಿಹರೆಯದೋರಿಗೆ ಅಂತ ಅದೇ ಕ್ಷಯದ ಕಟ್ಟಡದಲ್ಲಿ ಮತ್ತೆ ಆಸ್ಪತ್ರೆ ಶುರು ಮಾಡಿದ್ರು. ಶಾಲೆ ಇತ್ತು, ಮಾತಾಡಿಸೋ ಡಾಕ್ಟರುಗಳಿದ್ರು, ಉದ್ದೇಶ ಒಳ್ಳೇದಿತ್ತು. ಮೊದಲ ದಿನಗಳು ಮಾತ್ರ ಬೀಗ ಹಾಕಿದ ಕೋಣೇಲಿ. ಆಮೇಲೆ ದೋಣಿ ಹತ್ತಿಸಿ ಅದೇ ಬೀದಿಗೆ, ಅದೇ ಸ್ನೇಹಿತರ ಮಧ್ಯಕ್ಕೆ ಬಿಡ್ತಿದ್ರು. ಹುಡುಕಿಕೊಂಡು ಹೋಗಿ ನೋಡಿದಾಗ ಹೆಚ್ಚುಕಮ್ಮಿ ಎಲ್ರೂ ಮತ್ತೆ ಚಟಕ್ಕೆ ಬಿದ್ದಿದ್ರು. 1963ರಲ್ಲಿ ಮುಚ್ಚಿದ್ರು. ಗೋಡೆಗಳ ಮೇಲೆ ಆ ಹುಡುಗರು ಗೀಚಿರೋ ಬರಹ ಈಗಲೂ ಇದೆ. ಎಲ್ಲೋ ಒಂದು ಫೋಟೋದಲ್ಲಿ ನೋಡ್ದೆ, ಪುಸ್ತಕಗಳು ನೆಲದ ಮೇಲೆ ಒದ್ದೆಯಾಗಿ ಬಿದ್ದಿವೆ, ಅವುಗಳ ಮೇಲೆ ಪಾಚಿ.

ರಂಗನತಿಟ್ಟು_ಪ್ರೇಮಿ:

ನಾನು ಹಕ್ಕಿ ನೋಡೋನು, ಅದಕ್ಕೇ ಆಮೇಲಿಂದು ನಾನು ಹೇಳ್ತೀನಿ. ಜನ ಬಿಟ್ಟು ಹೋದ ಮೇಲೆ ಅಲ್ಲಿಗೆ ಹಕ್ಕಿ ಬಂದ್ವು. ಕಪ್ಪು ತಲೆಯ ಇರುಳು ಬಕ, ನಮ್ಮ ರಂಗನತಿಟ್ಟಲ್ಲಿ ಹಗಲೆಲ್ಲ ಬಿದಿರು ಮೆಳೇಲಿ ಕುತ್ತಿಗೆ ಒಳಗೆಳ್ಕೊಂಡು ತೂಕಡಿಸ್ತಾ ಕೂತಿರುತ್ತಲ್ಲ, ಕೆಂಪು ಕಣ್ಣಿಂದು, ಅದೇ ಹಕ್ಕಿ, ಅದೇ ಜಾತಿ. ನಾರ್ತ್ ಬ್ರದರಲ್ಲಿ ನೂರಾರು ಗೂಡು ಕಟ್ಟಿದ್ವು. 2001ರಲ್ಲಿ ದ್ವೀಪ ನಗರದ ಪಾರ್ಕ್ಸ್ ಇಲಾಖೆಗೆ ಸೇರ್ತು. ಬಕಗಳು ಆಮೇಲೆ ಯಾಕೋ ಅಲ್ಲಿಂದ ಜಾಗ ಬದಲಾಯಿಸಿದ್ವು, ಆದ್ರೂ ಅದನ್ನ ಹಕ್ಕಿಗಳಿಗೇ ಬಿಟ್ಟಿದಾರೆ, ಜನರಿಗೆ ಪ್ರವೇಶ ಇಲ್ಲ. ಇದು ಸರಿಯಾದ ತೀರ್ಮಾನ. ಕಟ್ಟಡಗಳೂ ಈಗ ಯಾವಾಗ ಬೀಳ್ತಾವೋ ಅನ್ನೋ ಹಾಗಿವೆ, ಯಾರೂ ದೋಣಿ ಮಾಡ್ಕೊಂಡು ಕದ್ದು ಹೋಗೋ ಸಾಹಸ ಮಾಡ್ಬೇಡಿ.

ಕರಾವಳಿ_ಸಿಸ್ಟರ್:

ಹೋಗಲಿಕ್ಕೆ ಆಗದಿದ್ದರೂ ದಡದಿಂದ ನೋಡಬಹುದಲ್ಲ. ಬರುವ ಜೂನ್ 15ಕ್ಕೆ ಬೆಳಿಗ್ಗೆ ನಾನು ಬರೆಟ್ಟೋ ಪಾಯಿಂಟಿಗೆ ಹೋಗುತ್ತೇನೆ ಅಂತ ಈಗ ನಿರ್ಧಾರ ಮಾಡಿದೆ. ನೈಟ್ ಡ್ಯೂಟಿ ಮುಗಿಸಿ ಸೀದಾ. ಬರುವವರು ಯಾರಾದರೂ ಉಂಟಾ?

ಕಾವೇರಿತೀರ:

ನಾನೂ ಮಗಳೂ ಬರ್ತೀವಿ ಸಿಸ್ಟರ್. ಆ ಐರಿಷ್ ಹುಡುಗಿ ಕಥೆ ಹೇಳಿದೆ, ಅವಳಿಗೆ ಎಷ್ಟು ಈಜು ಬರ್ತಿತ್ತು ಅಂತ ಮೂರು ಸಲ ಕೇಳಿದ್ಲು. ಬರೋರು 6ನೇ ನಂಬರ್ ಟ್ರೈನ್ ಹಿಡಿದು ಹಂಟ್ಸ್ ಪಾಯಿಂಟ್ ಅವೆನ್ಯೂನಲ್ಲಿ ಇಳೀರಿ, ಅಲ್ಲಿಂದ ಒಂದು ಅರ್ಧ ಗಂಟೆ ನಡಿಗೆ. ಒಂಬತ್ತೂವರೆಗೆ ಸೇರೋಣ, ಕಾಫಿ ಫ್ಲಾಸ್ಕಲ್ಲಿ ನಾನು ತರ್ತೀನಿ.

ರಂಗನತಿಟ್ಟು_ಪ್ರೇಮಿ:

ನಾನು ಸ್ಕೋಪ್ ತರ್ತೀನಿ, ಸ್ಟ್ಯಾಂಡ್ ಮೇಲಿಟ್ರೆ ಚಿಮಣಿಯ ಒಂದೊಂದು ಇಟ್ಟಿಗೆ ಕಾಣುತ್ತೆ. ನೀರಿಗೆ ಹೂವು ಬಿಡೋರು ಬಿಡಿ ಹೂವು ಮಾತ್ರ ತನ್ನಿ, ದಾರ ಪ್ಲಾಸ್ಟಿಕ್ ಸುತ್ತಿದ್ದು ಬೇಡ, ಹಕ್ಕಿಗಳ ಕಾಲಿಗೆ ಸಿಕ್ಕಿಹಾಕಿಕೊಳ್ಳುತ್ತೆ.